ವಿಮಾನಕ್ಕೂ ಮೌನವ್ರತ

ನವೆಂಬರಿನ ಒಂದು ಗುರುವಾರ, ಮಧ್ಯಾಹ್ನ 1:10. ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆ 'ಸುನುಂಗ್'ನಲ್ಲಿ ಇಂಗ್ಲಿಷ್ ಆಲಿಸುವ ಭಾಗ ಶುರುವಾಗುವ ಹೊತ್ತು. ಇಂಚಾನ್ ನಿಲ್ದಾಣದ ಮೇಲೆ ಸುಮ್ಮನೆ ಸುತ್ತು ಹಾಕುತ್ತಿದ್ದ ವಿಮಾನವೊಂದು ಮಾತಿಗೆ ಸಿಕ್ಕಿತು.

ಯಾಕೆ ಇಳಿಯುತ್ತಿಲ್ಲ? ಮೋಡವೇ?

ಆಕಾಶ ತಿಳಿಯಾಗಿದೆ. ಕೆಳಗೆ ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳುತ್ತಿದ್ದಾರೆ. 1:40ರವರೆಗೆ ದೇಶದ ಯಾವ ನಿಲ್ದಾಣದಲ್ಲೂ ಏರುವಂತಿಲ್ಲ, ಇಳಿಯುವಂತಿಲ್ಲ. ಮೇಲಿದ್ದವರು ಮೂರು ಕಿಲೋಮೀಟರಿಗಿಂತ ಕೆಳಗೆ ಬರುವಂತಿಲ್ಲ. ತುರ್ತಿದ್ದರೆ ವಿನಾಯಿತಿ. ನನ್ನೊಳಗಿನವರ ಹಸಿವು ತುರ್ತಲ್ಲವಂತೆ.

ಹಾಗಾದರೆ ಮಕ್ಕಳು ಸೊಗಸಾಗಿ ಇಂಗ್ಲಿಷ್ ಮಾತಾಡಬೇಕು.

ಮಾತೇ? 45 ಪ್ರಶ್ನೆಗಳಲ್ಲಿ 17 ಕೇಳಿ ಉತ್ತರಿಸುವುದು, ಉಳಿದ 28 ಓದಿ. ಬಾಯಿ ಬಿಟ್ಟರೆ ಹೊರಗೆ ಕಳಿಸುತ್ತಾರೆ.

ಮತ್ತೆ ಇಷ್ಟೊಂದು ಪರದಾಟ?

ಪಕ್ಕದ ಮನೆಯ ಮಗು ಕಲಿಯುತ್ತಿದೆಯಲ್ಲ! 1997ರಲ್ಲಿ ಸರ್ಕಾರ ಮೂರನೇ ತರಗತಿಯಿಂದ ಇಂಗ್ಲಿಷ್ ಶುರುಮಾಡಿತು. ಅಷ್ಟು ತಡವೇ ಎಂದರು ತಾಯ್ತಂದೆಯರು. ಆಮೇಲೆ ಇಂಗ್ಲಿಷ್ ಶಿಶುವಿಹಾರಕ್ಕೆ ಸೇರಲೂ ಪರೀಕ್ಷೆ ಬಂತು; ಜನ ಅದಕ್ಕಿಟ್ಟ ಹೆಸರು 'ನಾಲ್ಕು ವರ್ಷದವರ ಗೋಶಿ'. ಗೋಶಿ ಅಂದರೆ ನಿಮ್ಮ ಐಎಎಸ್ ಪರೀಕ್ಷೆಯಂಥದ್ದು. ಸುನುಂಗ್ ಇಂಗ್ಲಿಷಿನಲ್ಲಿ 90 ಮುಟ್ಟಿದವರಿಗೆಲ್ಲ ಮೊದಲ ದರ್ಜೆ ಕೊಟ್ಟು ಪೈಪೋಟಿ ತಗ್ಗಿಸಲು ಸರ್ಕಾರ ನೋಡಿತು. ಟ್ಯೂಷನ್ ಅಂಗಡಿಗಳೇನೂ ಮುಚ್ಚಲಿಲ್ಲ. 2024ರಲ್ಲಿ ಎಲ್ಲ ವಿಷಯಗಳ ಖಾಸಗಿ ಪಾಠಕ್ಕೆ ಸುರಿದದ್ದು 29 ಲಕ್ಷ ಕೋಟಿ ವೋನ್.

(ಸಂದರ್ಶಕನಿಗೆ ತನ್ನ ಬೀದಿಯ ಹಳದಿ ಕಾನ್ವೆಂಟ್ ವ್ಯಾನು ನೆನಪಾಗಿ ಮಾತು ಬದಲಿಸಿದ.) ನಿಮಗೆ ನಷ್ಟವಲ್ಲವೇ?

ಲಾಭ ಸ್ವಾಮಿ! ಹೆಂಡತಿ ಮಕ್ಕಳನ್ನು ಇಂಗ್ಲಿಷಿಗಾಗಿ ಅಮೆರಿಕಕ್ಕೆ ಕಳಿಸಿ ಇಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುವವನು 'ಕಿರೊಗಿ ಅಪ್ಪ', ಅಂದರೆ ಹೆಬ್ಬಾತು ಅಪ್ಪ. ಆಗೊಮ್ಮೆ ಈಗೊಮ್ಮೆ ಹಾರಿ ಹೋಗಿ ಮಕ್ಕಳ ಮುಖ ನೋಡಿ ಬರುತ್ತಾನೆ. ಬೇಕೆಂದಾಗೆಲ್ಲ ಹಾರುವ ದುಡ್ಡುಳ್ಳವನು ಹದ್ದು ಅಪ್ಪ. ಟಿಕೆಟ್ಟಿಗೂ ಕಾಸಿಲ್ಲದವನು ಪೆಂಗ್ವಿನ್ ಅಪ್ಪ. ಅವನ ಪರಿಚಯ ನನಗಿಲ್ಲ. ನನ್ನ ಅನ್ನಕ್ಕೆ ಕಲ್ಲು ಹಾಕಲು ಬಂದದ್ದು 2006ರಲ್ಲಿ ತೆರೆದ ಪಾಜುವಿನ ಇಂಗ್ಲಿಷ್ ಹಳ್ಳಿ. ಬಾಗಿಲಲ್ಲೇ ಹುಸಿ ಇಮಿಗ್ರೇಷನ್ ಕೌಂಟರು. ವಿಮಾನವೇ ಇಲ್ಲದ ವಿದೇಶ! ಪುಣ್ಯಕ್ಕೆ ನಷ್ಟಕ್ಕೆ ಬಿತ್ತು.

1:40 ಆಯಿತು. ಇನ್ನು ಮಕ್ಕಳಿಗೆ ಇಂಗ್ಲಿಷಿನಿಂದ ಬಿಡುಗಡೆ?

ಎಲ್ಲಿಯ ಬಿಡುಗಡೆ? ಕೆಲಸಕ್ಕೆ ಅರ್ಜಿ ಹಾಕಿದರೆ ಕಂಪನಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತದೆ. ಅದೂ ಕೇಳುವುದು, ಓದುವುದೇ, ಪೂರ್ಣಾಂಕ 990. ಬೆಲ್ಟ್ ಕಟ್ಟಿಕೊಳ್ಳಿ, ಇಳಿಯುತ್ತಿದ್ದೇನೆ. ಅಂದಹಾಗೆ, ಆ ಅಂಕ ಎರಡೇ ವರ್ಷ ಸಿಂಧು. ಆಮೇಲೆ ಮತ್ತೆ ದುಡ್ಡು ಕಟ್ಟಿ ಬರೆಯಬೇಕು.