ಕಸಾದ್ವೈತ ಖಂಡನ

ಶೃಂಗೇರಿಯಲ್ಲಿ ಅದ್ವೈತ, ಮೇಲುಕೋಟೆಯಲ್ಲಿ ವಿಶಿಷ್ಟಾದ್ವೈತ, ಉಡುಪಿಯಲ್ಲಿ ದ್ವೈತ. ಈ ಮೂರೂ ದರ್ಶನಗಳು ಬೆಂಗಳೂರಿನ ಕಸದ ಬುಟ್ಟಿಯೊಳಗೆ ಇಂದಿಗೂ ಜೀವಂತವಾಗಿರುವುದು ಪಂಡಿತರ ಕಣ್ಣಿಗೆ ಬೀಳದೇ ಹೋದದ್ದು ವಿಷಾದದ ಸಂಗತಿ. ಆ ಕೊರತೆ ನೀಗಲೆಂದೇ ಈ ಗ್ರಂಥ. ಮಂಗಳಾಚರಣೆಯನ್ನು ಬೆಳಿಗ್ಗೆಯೇ ಕಸದ ಆಟೋದ ಮೈಕು ಮಾಡಿ ಮುಗಿಸಿರುವುದರಿಂದ ಇಲ್ಲಿ ಬಿಟ್ಟಿದೆ.

ಮೊದಲು ಪೂರ್ವಪಕ್ಷ. ಕಸಾದ್ವೈತಿಗಳ ಪ್ರಕಾರ ನುಗ್ಗೇಕಾಯಿ ಸಿಪ್ಪೆ, ಹಾಲಿನ ಪ್ಯಾಕೆಟ್, ಮಗುವಿನ ಡೈಪರ್, ಸುಟ್ಟುಹೋದ ಬಲ್ಬು ಇವುಗಳ ನಡುವೆ ಕಾಣುವ ಭೇದವೆಲ್ಲ ಮಿಥ್ಯೆ. ಕಪ್ಪು ಕವರೊಂದೇ ಸತ್ಯ. ಗಂಟು ಬಿಗಿದೊಡನೆ ನಾಮರೂಪಗಳೆಲ್ಲ ಲಯ. ಸಾಧನೆಯೇ ಬೇಡವಾದ್ದರಿಂದ ಈ ಮತಕ್ಕೆ ಅನುಯಾಯಿಗಳು ವಿಪರೀತ. ವಿಶಿಷ್ಟಾದ್ವೈತಿಗಳು ಹಸಿಕಸ ಒಂದು ಕವರಿಗೆ, ಒಣಕಸ ಇನ್ನೊಂದಕ್ಕೆ ಹಾಕಿ, ಆಮೇಲೆ ಎರಡನ್ನೂ ಮೂರನೆಯದಕ್ಕೆ ತುರುಕುತ್ತಾರೆ.

ಎಲ್ಲವೂ ಒಂದಾದ ಮೇಲೆ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಅದ್ವೈತಿಗಳ ಬಳಿ ಬಹುಕಾಲ ಒಂದೇ ಉತ್ತರವಿತ್ತು: ಬೆಂಗಳೂರಿನಾಚೆಯ ಹಳ್ಳಿ ಮಂಡೂರು. ಊರವರು ಮೂಗು ಮುಚ್ಚಿಕೊಂಡು ಸಾಕಾಗಿ ಬೀದಿಗಿಳಿದರು. 2014ರ ಕೊನೆಗೆ ಕಸದ ಲಾರಿಗಳು ನಿಂತವು. ಮರುವರ್ಷ ಹೈಕೋರ್ಟು ದ್ವೈತವನ್ನೇ ಎತ್ತಿಹಿಡಿದು ಎರಡು ಬುಟ್ಟಿ, ಒಂದು ಚೀಲ ಎಂದು ಆದೇಶಿಸಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪಿಗೆ ಡೈಪರ್ ಮುಂತಾದವು, ಚೀಲಕ್ಕೆ ಒಣಕಸ.

ಇಷ್ಟು ಭೇದ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಪೂರ್ವಪಕ್ಷಿಯ ಆಕ್ಷೇಪ. ಯಾರು ಆಕ್ಷೇಪಿಸುತ್ತಿದ್ದಾರೆ ನೋಡಿ! ಎಂಜಲು ಬೇರೆ, ಮುಸುರೆ ಬೇರೆ. ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಕೂಡದು. ಸಾರಿನ ಪುಡಿಯ ಚಮಚ ಹುಳಿಪುಡಿಯ ಡಬ್ಬಿಗೆ ಇಳಿದರೆ ಮನೆಯಲ್ಲಿ ವಿಚಾರಣೆ. ಅಡುಗೆಮನೆಯೊಳಗೆ ಇಂಥ ಕಡುದ್ವೈತಿಗಳಾದವರು ಹಿತ್ತಲ ಬಾಗಿಲು ದಾಟುವಷ್ಟರಲ್ಲಿ ಅದ್ವೈತಿಗಳಾಗುವುದು ಹೇಗೆ? ಶಂಕರರಿಗಾದರೂ ಆ ನಿಲುವಿಗೆ ಬರಲು ತಪಸ್ಸು ಬೇಕಾಗಿತ್ತು.

ಮರುಬಳಕೆಯ ಅಭ್ಯಾಸವಿಲ್ಲ ಎನ್ನುವಂತೆಯೂ ಇಲ್ಲ. ಬನಿಯನ್ನು ನೆಲ ಒರೆಸುವ ಬಟ್ಟೆಯಾಗಿ, ಅಲ್ಲಿಂದ ಸ್ಕೂಟರಿನ ಸೀಟಿನಡಿಗೆ ಸೇರಿ ಜನ್ಮಾಂತರ ಪಡೆಯುವುದು ಲೋಕವಿದಿತ. ಫ್ರಿಜ್ಜಿನ ಐಸ್‌ಕ್ರೀಂ ಡಬ್ಬಿಯಲ್ಲಿ ಇಡ್ಲಿಹಿಟ್ಟು ಕಂಡು ಎದೆಯೊಡೆದ ಮಕ್ಕಳು ಮನೆಮನೆಯಲ್ಲೂ ಇದ್ದಾರೆ. ಬಾಗಿಲ ಹಿಂದಿನ ಮೊಳೆಗೆ ತೂಗುವ ಮಹಾಕವರ್ ಇದೆಯಲ್ಲ, ಅದರೊಳಗೆ ಬಟ್ಟೆಯಂಗಡಿಯ ಗಟ್ಟಿ ಕವರು, ಅದರೊಳಗೆ ಬೇಕರಿಯದು, ತೀರಾ ಒಳಗೆ ಅಂಗೈಯಗಲದ ಔಷಧಂಗಡಿಯದು. ಗಟ್ಟಿಯದನ್ನು ಯಾರಾದರೂ ಕೇಳಿದರೆ ಗೃಹಿಣಿ ಕೊಡುವುದು ಬೇಕರಿಯದನ್ನೇ. ಗಟ್ಟಿಯದು ಯಾವ ಮಹಾಕಾರ್ಯಕ್ಕೆ ಮೀಸಲು ಎಂಬುದನ್ನು ಯಾವ ಭಾಷ್ಯಕಾರನೂ ವಿವರಿಸಿಲ್ಲ. ಬಟ್ಟೆಚೀಲವೂ ಅದೇ ಮೊಳೆಗಿದೆ; ಮಾರುಕಟ್ಟೆ ತಲುಪಿದ ಮೇಲೆ ಅದರ ನೆನಪಾಗುತ್ತದೆ.

ಇನ್ನು ಹಾಲಿನ ಪ್ಯಾಕೆಟ್ಟಿನ ಮೂಲೆ. ಛೇದವಾದಿಗಳು ಮೂಲೆಯನ್ನು ಪೂರ್ತಿ ಕತ್ತರಿಸುತ್ತಾರೆ. ಉಗುರಿನಷ್ಟು ಆ ತುಣುಕು ಸಿಂಕಿನಿಂದ ಮೋರಿಗೆ ಹೋದರೆ ಆಯುವ ಕೈಗೆ ಸಿಗುವುದಿಲ್ಲ. ಅಖಂಡವಾದಿಗಳು ಕತ್ತರಿಯನ್ನು ಅರ್ಧಕ್ಕೇ ನಿಲ್ಲಿಸಿ, ಮೂಲೆ ನೇತಾಡುತ್ತಿರುವಾಗಲೇ ಹಾಲು ಬಗ್ಗಿಸಿ, ಪ್ಯಾಕೆಟ್ ತೊಳೆದು ಒಣಹಾಕುತ್ತಾರೆ. ಹಾಲು ಒಲೆಯ ಕಟ್ಟೆಗೂ ಸ್ವಲ್ಪ ಚೆಲ್ಲುತ್ತದೆ. ಈ ಗ್ರಂಥಕಾರ ಅಖಂಡವಾದಿ. ಕಟ್ಟೆ ಒರೆಸಲು ಬನಿಯನ್ನಿದೆ.

ಕೊನೆಗೆ ಪ್ರಮಾಣವಿಚಾರ. ದ್ವೈತಿಗಳು ಒಪ್ಪುವ ಪ್ರಮಾಣಗಳು ಮೂರು, ಮೂರೂ ಗುಜರಿಯವನಲ್ಲಿ ಸಿದ್ಧ. ಪೇಪರಿನ ಕಟ್ಟು ಬಿಚ್ಚಿ ಮೂಸುವುದು ಪ್ರತ್ಯಕ್ಷ. ನಡುವೆ ಕಲ್ಲಿಟ್ಟಿರಬಹುದೆಂಬ ಅವನ ಅನುಮಾನ ಅನುಮಾನವೇ. ಫೋನಿಗೆ ಬಂದ ಇವತ್ತಿನ ರೇಟು ಆಗಮ. ಸಾಂಬಾರು ತಾಗಿದ ಪೇಪರನ್ನು ಆತ ಪಕ್ಕಕ್ಕೆ ಎಸೆದರೆ ಅದರ ಮೇಲೆ ಅಪೀಲಿಲ್ಲ.