ಹುಣಸೆಹಣ್ಣಿಗೆ ಸಿಕ್ಕ ರಾಣಿ

ಹಿರಿಯೂರಿನ ನಮ್ಮಜ್ಜಿಯ ದೇವರ ಮನೆಯಲ್ಲಿ ವಿಕ್ಟೋರಿಯಾ ರಾಣಿಗೆ ಲಕ್ಷ್ಮಿಯ ಪಕ್ಕದಲ್ಲೇ ಜಾಗ. 1862ರ ಬೆಳ್ಳಿ ರೂಪಾಯಿ. ಪ್ರತಿ ಶುಕ್ರವಾರ ಅರಿಶಿನ, ಕುಂಕುಮ. ಆಯಮ್ಮನ ಗಂಡ ಆಲ್ಬರ್ಟ್ ತೀರಿಕೊಂಡದ್ದು 1861ರಲ್ಲಿ. ಲಂಡನ್ನಿನಲ್ಲಿ ಕಪ್ಪು ಬಟ್ಟೆ, ಹಿರಿಯೂರಿನಲ್ಲಿ ಮುತ್ತೈದೆತನ!

ನೂರಾ ಅರವತ್ತು ವರ್ಷ ದಾಟಿದ ನಾಣ್ಯ, ಒಂದು ಸೈಟಾದರೂ ಬಂದೀತೆಂದು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ನಾಣ್ಯ ಬಲ್ಲ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನಕ್ಕರು. ರೂಪಾಯಿಯ ಮೇಲಿನ 1862 ಎಂಬ ಇಸವಿಯನ್ನು ಟಂಕಸಾಲೆಯವರು 1874ರವರೆಗೂ ಬದಲಿಸಲೇ ಇಲ್ಲವಂತೆ, ಹೆಣ್ಣು ನೋಡಲು ಬಂದವರಿಗೆ ಹೇಳುವ ವಯಸ್ಸಿನ ಹಾಗೆ. ಅದಕ್ಕೇ ಇಂಥವು ರಾಶಿ ರಾಶಿ. 11.66 ಗ್ರಾಂ ತೂಕ, ಅದರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ.

“ಇದನ್ನ ತೊಳೆದೋರು ಯಾರು?”

“ಅಜ್ಜಿ. ಹುಣಸೆಹಣ್ಣು, ಬೂದಿ ಹಾಕಿ.”

“ಮುಗೀತು ಬಿಡಿ. ಬೆಲೆ ಇರೋದು ಆ ಹಳೇ ಕಪ್ಪಿಗೆ ಕಣ್ರೀ. 1911ರ ಹಂದಿ ರೂಪಾಯಿ ಇದ್ರೆ ತನ್ನಿ.”

ಐದನೇ ಜಾರ್ಜ್‌ನ ನಿಲುವಂಗಿಯ ಮೇಲೆ ಕೆತ್ತಿದ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು, ಸರ್ಕಾರ ಅಚ್ಚನ್ನೇ ತಿದ್ದಬೇಕಾಯಿತಂತೆ. ಪಕ್ಕದ ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ಸರ ನಾಣ್ಯಗಳೇ ಸಿಕ್ಕಿವೆ. ಅವುಗಳ ಮುಂದೆ ನಮ್ಮ ರಾಣಿ ಮೊನ್ನೆ ಮನೆ ತುಂಬಿದ ಸೊಸೆ.

ಸಂಜೆ ಗಂಟು ಬಿಚ್ಚಿದೆ. ಅಜ್ಜಿ ನಾಣ್ಯ ಸವರಿ, “ಪಾಪ, ಬಸ್ಸಿನ ಧೂಳಿಗೆ ಹೆಂಗೆ ಮಂಕಾಗ್ಯಾಳೆ ನೋಡು” ಎಂದು ಹುಣಸೆಹಣ್ಣಿನ ಡಬ್ಬಿಗೆ ಕೈ ಹಾಕಿದಳು.