ಗುಜರಿ ಮೀಮಾಂಸೆ: ಹಳೆ ಆಸಿಲೋಸ್ಕೋಪ್ ಸಂಪಾದನೆಯ ಶಾಸ್ತ್ರ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಈ ಗ್ರಂಥದ ವಿಷಯ, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪು, ಮಲ್ಟಿಮೀಟರು, ಪವರ್ ಸಪ್ಲೈಗಳನ್ನು ಕಡಿಮೆ ದುಡ್ಡಿಗೆ ಮನೆಗೆ ತರುವ ಬಗೆ. ಅಧಿಕಾರಿಗಳು ಯಾರೆಂದರೆ, ಸೋಲ್ಡರಿಂಗ್ ಐರನ್ನಿನಿಂದ ಒಮ್ಮೆಯಾದರೂ ಬೆರಳು ಸುಟ್ಟುಕೊಂಡವರು ಮತ್ತು ಹತ್ತು ಕಿಲೋ ತೂಗುವ ಪೆಟ್ಟಿಗೆಯನ್ನು ತಳ್ಳಲು ಮಂಚದ ಕೆಳಗೆ ಜಾಗವುಳ್ಳವರು. ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಮ್ಯಾನ್ಯುಯಲ್ಲಿಗೂ ಯಂತ್ರಕ್ಕೂ ಇರುವಂಥದ್ದೇ; ಎರಡೂ ಒಂದೇ ಅಂಗಡಿಯಲ್ಲಿ ಸಿಕ್ಕ ದಾಖಲೆ ಇಲ್ಲ. ಪ್ರಯೋಜನದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೊಸದನ್ನೇ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಮನೆಯವರು ಲೆಕ್ಕ ಹಾಕಿ ತೋರಿಸುವವರೆಗೆ ಅದು ಮೋಕ್ಷ.

ಈ ಶಾಸ್ತ್ರದ ಪೀಠಗಳು ದೇಶದಲ್ಲಿ ಹಲವು. ದೆಹಲಿಗೆ ಲಜಪತ್ ರಾಯ್ ಮಾರ್ಕೆಟ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚೀ ಸ್ಟ್ರೀಟ್. ಬೆಂಗಳೂರಿನವರಿಗೆ ಟೌನ್‌ಹಾಲ್ ಹತ್ತಿರದ ಎಸ್.ಪಿ. ರಸ್ತೆ, ಭಾನುವಾರವಾದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಇನ್ನೂ ಒಳಹೊಕ್ಕವರಿಗೆ ಜಾಲಿ ಮೊಹಲ್ಲಾದ ಗುಜರಿ ಸಾಲು.

ಬೆಂಗಳೂರಿಗೇ ಈ ಭಾಗ್ಯ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೈಗಾರಿಕಾ ಚರಿತ್ರೆಯಲ್ಲಿದೆ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಈ ಊರಿಗೆ ಬಂದವು. ಸಾಮಾನ್ಯ ಇತಿಹಾಸಕಾರರು ಇದನ್ನು ರಾಷ್ಟ್ರನಿರ್ಮಾಣ ಎಂದು ಕರೆದು ಮುಂದೆ ಹೋಗುತ್ತಾರೆ. ಗುಜರಿ ಮೀಮಾಂಸಕರ ದೃಷ್ಟಿ ಬೇರೆ: ಕಾರ್ಖಾನೆ, ಪ್ರಯೋಗಾಲಯಗಳು ಒಂದೊಂದು ಕಾಲಕ್ಕೆ ಕೊಂಡ ಉಪಕರಣಗಳು ಇಪ್ಪತ್ತು ಮೂವತ್ತು ವರ್ಷ ದುಡಿದು, ಎಸ್.ಪಿ. ರಸ್ತೆಯ ಫುಟ್‌ಪಾತ್‌ಗೆ ಇಳಿಯಲಿ ಎಂಬುದೇ ಸೃಷ್ಟಿಯ ಸಂಕಲ್ಪ. ನಡುವೆ ಆದ ರಾಡಾರು, ಟೆಲಿಫೋನುಗಳೆಲ್ಲ ಆನುಷಂಗಿಕ.

ಇಳಿಯುವ ದಾರಿ ಮಾತ್ರ ನೇರವಲ್ಲ. ಸರ್ಕಾರಿ ಸಂಸ್ಥೆಗಳ ಹಳೆ ಮಾಲು ಬಹುಪಾಲು ಹರಾಜಿಗೆ ಹೋಗುತ್ತದೆ. 1964ರಲ್ಲಿ ಹುಟ್ಟಿದ ಎಂ.ಎಸ್.ಟಿ.ಸಿ. ಎಂಬ ಕೇಂದ್ರ ಸರ್ಕಾರದ ಕಂಪನಿ ಈಗ ಇದಕ್ಕಾಗಿ ಇ-ಹರಾಜು ನಡೆಸುತ್ತದೆ. ಷರತ್ತು ಒಂದೇ: ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ. ಹವ್ಯಾಸಿಗೆ ಬೇಕಾದದ್ದು ಒಂದು ಸ್ಕೋಪು; ಲಾಟಿನಲ್ಲಿ ಬರುವುದು ಆ ಸ್ಕೋಪು, ಕಾಲು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಬೀರು ಮತ್ತು ಏನೆಂದು ಯಾರಿಗೂ ಗೊತ್ತಿಲ್ಲದ ಒಂದು ಕಬ್ಬಿಣದ ಚೌಕಟ್ಟು. ಠೇವಣಿ ಕಟ್ಟಿ, ಲಾರಿ ತಂದು ಎಲ್ಲವನ್ನೂ ಎತ್ತಬೇಕು. ಹೀಗಾಗಿ ಎತ್ತುವವರು ಗುಜರಿ ಸಾಹುಕಾರರು, ಅವರಿಂದ ಬಿಡಿಯಾಗಿ ಕೊಳ್ಳುವವರು ಹವ್ಯಾಸಿಗಳು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಪ್ರಯೋಗಾಲಯದ ಉಪಕರಣಗಳೂ ಪಟ್ಟಿಗೆ ಸೇರಿದ ಮೇಲೆ ಈ ಹೊಳೆಯ ಒಂದು ಕವಲು ನೋಂದಾಯಿತ ಮರುಬಳಕೆ ಘಟಕಗಳ ಕಡೆ ತಿರುಗಿದೆ. ಪರಿಸರದ ದೃಷ್ಟಿಯಿಂದ ಇದು ಸರಿಯೇ. ಆದರೆ ನಡೆಯುತ್ತಿರುವ ಸ್ಕೋಪೊಂದು ಪುಡಿ ಯಂತ್ರದ ಬಾಯಿಗೆ ಬೀಳುವುದನ್ನು ನೆನೆದರೆ, ಶಾಸನದ ಕಲ್ಲನ್ನು ಒಡೆದು ಜಲ್ಲಿ ಮಾಡಿದ ಸುದ್ದಿ ಕೇಳಿದ ಸಂಶೋಧಕನ ಸಂಕಟವೇ ಆಗುತ್ತದೆ.

ಶಾಸನದ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಬಿ.ಎಲ್. ರೈಸ್ ಕಲ್ಲು, ತಾಮ್ರಪಟಗಳ ಬರಹಗಳನ್ನು ಸಾವಿರಗಟ್ಟಲೆ ಬೆಳಕಿಗೆ ತಂದರು. ಉಪಕರಣಗಳ ಮೈಮೇಲಿನ ಸ್ಟಿಕ್ಕರುಗಳನ್ನು ಇದುವರೆಗೆ ಯಾರೂ ಸಂಪಾದಿಸಿಲ್ಲ. ಒಂದು ಸ್ಕೋಪಿನ ಬೆನ್ನು ತಿರುಗಿಸಿ ನೋಡಿದರೆ ಶಾಸನದ ಎಲ್ಲ ಲಕ್ಷಣಗಳೂ ಇವೆ. ಆಸ್ತಿ ಸಂಖ್ಯೆಯ ಅಲ್ಯೂಮಿನಿಯಂ ಬಿಲ್ಲೆಯಿಂದ ಯಾವ ಸಂಸ್ಥೆಯ ಸೊತ್ತಾಗಿತ್ತೆಂದು ತಿಳಿಯುತ್ತದೆ. ಕ್ಯಾಲಿಬ್ರೇಷನ್ ಚೀಟಿಯಲ್ಲಿ ತೇದಿ ಇದೆ, ಮುಂದಿನ ಗಡುವಿದೆ, ಲಿಪಿಕಾರನ ಚಿಕ್ಕ ರುಜುವೂ ಇದೆ. ಕೊನೆಯಲ್ಲಿ ಶಾಪಾಶಯ: ಈ ಸೀಲನ್ನು ಕಿತ್ತವರಿಗೆ ವಾರಂಟಿ ಇಲ್ಲ. ಹಳೆಯ ಅರಸರು ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಬರೆಸುತ್ತಿದ್ದರು. ಕಂಪನಿಗಳು ಅಷ್ಟು ದೂರ ಹೋಗಿಲ್ಲ.

ರಾಜವಂಶಗಳ ಪಲ್ಲಟವೂ ಇಲ್ಲಿ ಓದಸಿಗುತ್ತದೆ. 1939ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದ ಒಂದು ಗ್ಯಾರೇಜಿನಲ್ಲಿ ಶುರುವಾದ ಹ್ಯೂಲೆಟ್ ಪ್ಯಾಕರ್ಡ್ ವಂಶದ ಉಪಕರಣ ಶಾಖೆ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. 34401ಎ ಎಂಬ ಆರೂವರೆ ಅಂಕಿಯ ಮೇಜಿನ ಮಲ್ಟಿಮೀಟರು ಮೂರೂ ಹೆಸರುಗಳಲ್ಲಿ ಸಿಗುತ್ತದೆ. ಒಳಗಿನ ದೇವರು ಒಬ್ಬನೇ, ಮುಂದಿನ ನಾಮಫಲಕ ಬೇರೆ. ಅಂಗಡಿಯವರು ಹೊಸ ಹೆಸರಿಗೆ ಹೆಚ್ಚು ರೇಟು ಹೇಳುತ್ತಾರೆ. ಹಳೆ ಹೆಸರಿನದನ್ನೇ ಕೇಳುವುದು ಜಾಣತನ.

ಎಲ್ಲ ಶಾಸನಗಳಿಗಿಂತ ನಂಬಲರ್ಹವಾದದ್ದು ಮಾಸ್ಕಿಂಗ್ ಟೇಪಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ‘ಚಾನೆಲ್ 2 ಬರಲ್ಲ’ ಎಂಬಂಥ ಕಿರುಬರಹ. ಅದನ್ನು ಬರೆದ ಟೆಕ್ನೀಷಿಯನ್ನಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇರಲಿಲ್ಲ. ಆ ಟೇಪನ್ನು ಕಿತ್ತು ಅಂಟಿನ ಕಲೆ ಮಾತ್ರ ಉಳಿದಿದ್ದರೆ, ಅದನ್ನು ಪಾಠಲೋಪವೆಂದು ತಿಳಿದು ಬೆಲೆ ಅರ್ಧಕ್ಕಿಳಿಸಬೇಕು.

ಕಾಲನಿರ್ಣಯದ ಸಮಸ್ಯೆ ಇದಕ್ಕಿಂತ ತೊಡಕಿನದು. ಐಸಿಗಳ ಬೆನ್ನ ಮೇಲೆ ನಾಲ್ಕಂಕಿಯ ಸಂಖ್ಯೆಯೊಂದು ಇರುತ್ತದೆ; ಮೊದಲೆರಡು ವರ್ಷ, ಕೊನೆಯೆರಡು ವಾರ. 8743 ಎಂದರೆ 1987ರ ನಲವತ್ತಮೂರನೆಯ ವಾರ. ಬೋರ್ಡಿನ ಮೇಲಿನ ಎಲ್ಲ ಐಸಿಗಳೂ 87ರವಾಗಿದ್ದು ಒಂದು ಮಾತ್ರ 95ರದಾಗಿದ್ದರೆ ಅದು ಪ್ರಕ್ಷಿಪ್ತ: ಯಾರೋ ಅಲ್ಲಿ ರಿಪೇರಿ ಮಾಡಿದ್ದಾರೆ, ಹುಳುಕು ಅದರ ಸುತ್ತಮುತ್ತಲೇ ಇದೆ. ಇಲ್ಲಿಯವರೆಗೆ ಶಾಸ್ತ್ರ ಸುಗಮ. ಆದರೆ 1970ರ ದಶಕದ ಬೋರ್ಡುಗಳಲ್ಲಿ ಪೇಚಿದೆ. ಆ ಕಾಲದ ಲಾಜಿಕ್ ಐಸಿಗಳ ಹೆಸರೇ 7400, 7404, 7408. ಒಂದು ಐಸಿಯ ಮೇಲೆ 7408 ಎಂದಿದ್ದರೆ ಅದು ನಾಲ್ಕು ಆಂಡ್ ಗೇಟುಗಳ ಐಸಿಯೋ, 1974ರ ಎಂಟನೆಯ ವಾರ ಹುಟ್ಟಿದ ಇನ್ನಾವುದೋ ಐಸಿಯೋ? ಪಂಪನ ಜನ್ಮಸ್ಥಳದ ಚರ್ಚೆಯಲ್ಲಿ ಇದಕ್ಕಿಂತ ಕಡಿಮೆ ಆಧಾರದ ಮೇಲೆ ಹೆಚ್ಚು ಪುಟ ಬರೆದದ್ದುಂಟು.

ಇನ್ನು ಪ್ರಮಾಣ ವಿಚಾರ. ಶಬ್ದ, ಪ್ರತ್ಯಕ್ಷ, ಅನುಮಾನ ಮೊದಲಾದವುಗಳಲ್ಲಿ ಎಸ್.ಪಿ. ರಸ್ತೆಯಲ್ಲಿ ಧಾರಾಳವಾಗಿ ದೊರೆಯುವುದು ಶಬ್ದ. ಅದರ ಸ್ವರೂಪ ಹೆಚ್ಚುಕಡಿಮೆ ಹೀಗಿರುತ್ತದೆ:

“ಅಣ್ಣಾ, ಇದು ವರ್ಕಿಂಗಾ?”

“ಪಕ್ಕಾ ವರ್ಕಿಂಗ್ ಸಾರ್. ಕಂಪ್ನಿ ಮಾಲು.”

“ಆನ್ ಮಾಡಿ ತೋರ್ಸಿ.”

“ವೈರಿಲ್ಲ ಸಾರ್.”

“ವೈರು ನಾನೇ ತಂದಿದೀನಿ.”

“ಕರೆಂಟಿಲ್ಲ ಸಾರ್ ಈಗ.”

ಈ ಹೊತ್ತಿನಲ್ಲಿ ಅಂಗಡಿಯವರ ತಲೆಯ ಮೇಲೆ ಫ್ಯಾನು ತಿರುಗುತ್ತಿರುವುದು ಪ್ರತ್ಯಕ್ಷ. ಶಬ್ದಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಯಾವುದು ಬಲವತ್ತರ ಎಂಬುದು ಹಳೆಯ ವಾದ. ಇಲ್ಲಿ ಅದು ಐನೂರು ರೂಪಾಯಿ ಇಳಿಸುವುದರಲ್ಲಿ ಬಗೆಹರಿಯುತ್ತದೆ.

ಆನ್ ಮಾಡಲು ಒಪ್ಪಿದರೆ, ಪ್ರೋಬ್ ಇಲ್ಲದೆಯೂ ಬಹಳಷ್ಟು ನೋಡಬಹುದು. ಗೆರೆ ಕಾಣದಿದ್ದರೆ ಅವಸರ ಬೇಡ. ಟೆಕ್ಟ್ರಾನಿಕ್ಸ್ 465ರಂಥ ಸ್ಕೋಪುಗಳಲ್ಲಿ ‘ಬೀಮ್ ಫೈಂಡ್’ ಎಂಬ ಗುಂಡಿಯಿದೆ, ಒತ್ತಿದರೆ ಪರದೆಯಾಚೆ ಅಡಗಿದ ಗೆರೆ ಒಳಕ್ಕೆ ಬರುತ್ತದೆ. ಗೆರೆ ಬಂದ ಮೇಲೆ ಇನ್‌ಪುಟ್ ಕನೆಕ್ಟರಿನ ನಡುಮುಳ್ಳಿಗೆ ಬೆರಳು ತಾಗಿಸಬೇಕು. ಕೋಣೆಯ ವಿದ್ಯುತ್ತಿನ ಐವತ್ತು ಹರ್ಟ್ಸ್ ಅಲೆ ಮೈಯಿಂದ ಇಳಿದು ಪರದೆಯ ಮೇಲೆ ಸೊಟ್ಟಗೆ ಕುಣಿಯುತ್ತದೆ. ಕುಣಿಯದಿದ್ದರೆ ಆ ಚಾನೆಲ್ ಸತ್ತಿದೆ. ಮುಂಭಾಗದ ‘ಕ್ಯಾಲ್’ ಕೊಂಡಿಯಿಂದ ಒಂದು ತುಂಡು ತಂತಿ ಎಳೆದರೆ ಸಾಮಾನ್ಯವಾಗಿ ಒಂದು ಕಿಲೋಹರ್ಟ್ಸಿನ ಚೌಕದ ಅಲೆ ಸಿಗುತ್ತದೆ. ಆಮೇಲೆ ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸುವುದು. ನಡುವೆ ಗೆರೆ ಹಾರಿ ಮಾಯವಾದರೆ ಸ್ವಿಚ್ಚಿನ ಕಾಂಟ್ಯಾಕ್ಟು ಕೊಳಕಾಗಿದೆ, ಇದಕ್ಕೆ ಮದ್ದುಂಟು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಗೆರೆ ಮಂಕಾಗಿದ್ದರೆ ಪಿಕ್ಚರ್ ಟ್ಯೂಬು ಸವೆದಿದೆ, ಇದಕ್ಕೆ ಮದ್ದಿಲ್ಲ.

ಮನೆಗೆ ತಂದೊಡನೆ ಪ್ಲಗ್ಗಿಗೆ ಹಾಕುವವರು ಅಧಿಕಾರಿಗಳಲ್ಲ. ಅಮೆರಿಕದಿಂದ ಬಂದ ಪೆಟ್ಟಿಗೆ 115 ವೋಲ್ಟಿಗೆ ಹೊಂದಿಸಿದ್ದಿರಬಹುದು. ಹಳೆ ಎಚ್‌ಪಿ ಉಪಕರಣಗಳ ಹಿಂಬದಿಯಲ್ಲಿ ಫ್ಯೂಸಿನ ಪಕ್ಕ ಬೆರಳಗಲದ ಒಂದು ಸರ್ಕ್ಯೂಟ್ ಕಾರ್ಡು ಸಿಕ್ಕಿಸಿರುತ್ತದೆ. ಅದನ್ನು ಎಳೆದು, ತಿರುಗಿಸಿ, 100, 120, 220, 240ರಲ್ಲಿ ಬೇಕಾದ ಅಂಕಿ ಕಾಣುವಂತೆ ಮತ್ತೆ ಹಾಕಬೇಕು. ಇದನ್ನು ಸರಿಯಾಗಿ ಮಾಡಿದ ಮೇಲೂ ಹೊಗೆ ಬರುವುದುಂಟು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂಬುದು ತಾರ್ಕಿಕರ ಹಳೆಯ ಉದಾಹರಣೆ. ಸ್ಕೋಪಿನಲ್ಲಿ ಹೊಗೆ ಕಂಡರೆ ರಿಫಾ ಕೆಪ್ಯಾಸಿಟರನ್ನು ಊಹಿಸಬೇಕೆಂಬುದು ನವ್ಯನ್ಯಾಯ. ಮೇನ್ಸ್ ಫಿಲ್ಟರಿನಲ್ಲಿ ಕೂರುವ ಈ ಕಾಗದದ ಕೆಪ್ಯಾಸಿಟರಿನ ಪಾರದರ್ಶಕ ಕವಚ ವಯಸ್ಸಾದಂತೆ ಸೀಳುಬಿಟ್ಟು, ತೇವ ಹೀರಿ, ಮತ್ತೆ ಕರೆಂಟು ಕಂಡ ದಿನ ಮನೆ ತುಂಬ ನಾತ ಎಬ್ಬಿಸುತ್ತದೆ. ನೋಡಿದ ತಕ್ಷಣ ಬದಲಿಸುವುದೇ ಸರಿ. ಹಾಗೆಯೇ, ಟ್ಯೂಬಿನ ಸಾವಿರಾರು ವೋಲ್ಟು ಸ್ವಿಚ್ ಆರಿಸಿದ ಮೇಲೂ ಕಾದು ಕೂತಿರಬಹುದು. ಈ ಒಂದು ವಿಷಯದಲ್ಲಿ ಶಾಸ್ತ್ರ ತಮಾಷೆ ಮಾಡುವುದಿಲ್ಲ.

ಮೊದಲ ಸಲದ ಕರೆಂಟಿಗೆ ನಮ್ಮ ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬಿಗೆ ಸಮನಾದದ್ದಿಲ್ಲ. ಉಪಕರಣದ ದಾರಿಯಲ್ಲಿ ಅರುವತ್ತೋ ನೂರೋ ವಾಟಿನ ಹಳೆ ಬಲ್ಬು. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಇದನ್ನು ನಾಟಿ ಪದ್ಧತಿ ಎಂದು ಹೀಗಳೆಯುವವರಿಗೆ ಒಂದು ಮಾತು: ಎಚ್‌ಪಿ ವಂಶದ ಮೊದಲ ಕೂಸಾದ 200ಎ ಆಡಿಯೋ ಆಸಿಲೇಟರಿನ ಗುಟ್ಟೂ ಒಂದು ಚಿಕ್ಕ ಬಲ್ಬೇ. ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ಅದರ ಗುಣದಿಂದ ಬಿಲ್ ಹ್ಯೂಲೆಟ್ ಅಲೆಯ ಎತ್ತರವನ್ನು ಹದದಲ್ಲಿಟ್ಟರು. ಆ ಆಸಿಲೇಟರಿನ ಬೆಲೆ 54 ಡಾಲರು 40 ಸೆಂಟು. ಮುಂದಿನ ಮಾದರಿ 200ಬಿಯ ಎಂಟನ್ನು ವಾಲ್ಟ್ ಡಿಸ್ನಿ ಸ್ಟುಡಿಯೋ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಕೊಂಡಿತು.

ಬಿಡಿಭಾಗಗಳ ಪ್ರಕರಣವನ್ನು ಬೇಗ ಮುಗಿಸಬಹುದು. ಬೋರ್ಡುಗಳನ್ನು ಕಿಲೋ ಲೆಕ್ಕದಲ್ಲಿ ತಂದು ಬಿಚ್ಚುವುದು ಅಗ್ಗ, ನಿಧಾನ, ಮತ್ತು ಅಪ್ಪಟ ಮಾಲು ಸಿಗುವ ದಾರಿ. ಬಿಡಿಯಾಗಿ ಕೊಂಡರೆ ಮೈ ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಬರೆದ ಐಸಿಗಳ ಕಾಟ. ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಎಷ್ಟೋ ಐಸಿಗಳ ಪೂರ್ವಾಶ್ರಮದ ಹೆಸರು ಹೊರಬೀಳುತ್ತದೆ. ಆದರೆ ಟೆಕ್ಟ್ರಾನಿಕ್ಸ್ ತನಗಾಗಿಯೇ ಮಾಡಿಕೊಂಡ, 155ರಿಂದ ಶುರುವಾಗುವ ನಂಬರಿನ ಐಸಿಗಳಿಗೆ ನಕಲಿಯೂ ಇಲ್ಲ. 2465 ಸ್ಕೋಪಿನ ಯು800 ಎಂಬ ಐಸಿ ಕಾದು ಕಾದು ಸಾಯುವುದಕ್ಕೆ ಹೆಸರುವಾಸಿ. ಅದು ಸತ್ತರೆ ಇನ್ನೊಂದು 2465 ಹುಡುಕಬೇಕು.

ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ. 2014ರಲ್ಲಿ ಬಂದ ರಿಗಾಲ್ ಡಿಎಸ್1054ಝಡ್‌ನಂಥ ನಾಲ್ಕು ಚಾನೆಲ್ಲಿನ ಹೊಸ ಡಿಜಿಟಲ್ ಸ್ಕೋಪು ಹಗುರ, ಅಲೆಯನ್ನು ನೆನಪಿಟ್ಟುಕೊಳ್ಳುತ್ತದೆ, ಬಾಕ್ಸಿನಲ್ಲೇ ಪ್ರೋಬ್ ಬರುತ್ತದೆ. ಬಿಡಿಭಾಗ ಗುರುತಿಸಲು ಮಾರ್ಕಸ್ ಫ್ರೆಯೆಕ್ ಎಂಬ ಜರ್ಮನ್ನರ ವಿನ್ಯಾಸದಿಂದ ಬೆಳೆದ ಪುಟ್ಟ ಟೆಸ್ಟರುಗಳಿವೆ. ಹೀಗಿರುವಾಗ ಬೆನ್ನು ನೋಯಿಸಿಕೊಂಡು ಗುಜರಿ ಹೊರುವುದೇಕೆ?

ಪೂರ್ವಪಕ್ಷ ಎಲ್ಲ ರೀತಿಯಿಂದಲೂ ಸರಿಯಾಗಿದೆ. ಖಂಡಿಸಬೇಕಾಗಿ ಬಂದಿರುವುದೂ ಅದಕ್ಕೇ. ಸ್ಕೋಪಿನ ಮಟ್ಟಿಗೆ ಸೋಲೊಪ್ಪಬಹುದು: ಮೊದಲನೆಯದು ಹೊಸದೇ ಇರಲಿ. ಆದರೆ ಟ್ರಾನ್ಸ್‌ಫಾರ್ಮರಿನ ಹಳೆ ಲೀನಿಯರ್ ಪವರ್ ಸಪ್ಲೈ, ಆರೂವರೆ ಅಂಕಿಯ ಮೇಜಿನ ಮೀಟರು, ಇವೆರಡನ್ನು ಅದೇ ದುಡ್ಡಿಗೆ ಅದೇ ಗುಣಮಟ್ಟದಲ್ಲಿ ಹೊಸದಾಗಿ ಕೊಳ್ಳಲು ಆಗುವುದಿಲ್ಲ. ಇನ್ನೊಂದು ಕಾರಣ ಸರ್ವಿಸ್ ಮ್ಯಾನ್ಯುಯಲ್. ಹಳೆ ಎಚ್‌ಪಿ, ಟೆಕ್ಟ್ರಾನಿಕ್ಸ್ ಪುಸ್ತಕಗಳಲ್ಲಿ ಪೂರ್ತಿ ಸರ್ಕ್ಯೂಟ್ ನಕ್ಷೆಯ ಜೊತೆಗೆ ಪ್ರತಿ ಹಂತವೂ ಹೇಗೆ ನಡೆಯುತ್ತದೆಂಬ ವಿವರಣೆಯಿರುತ್ತದೆ; ಎಷ್ಟೋ ಕಾಲೇಜುಗಳ ಪಠ್ಯಕ್ಕಿಂತ ಚೆನ್ನಾಗಿರುತ್ತದೆ.

ಕೊನೆಗೆ ಉಳಿಯುವುದು ತರ್ಕಶಾಸ್ತ್ರ ಅಂಜುವ ಅನವಸ್ಥಾದೋಷ. ಕೆಟ್ಟ ಸ್ಕೋಪನ್ನು ಸರಿಪಡಿಸಲು ನಡೆಯುವ ಸ್ಕೋಪು ಬೇಕು. ಮೀಟರು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಲು ಇನ್ನೊಂದು ಮೀಟರು ಬೇಕು, ಎರಡೂ ಬೇರೆ ಬೇರೆ ತೋರಿಸಿದರೆ ಮೂರನೆಯದು ಬೇಕು. ಈ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವೋಲ್ಟಿಗೆ ಹೋಗಿ ಮುಟ್ಟುವವರೆಗೆ ನಿಲ್ಲುವುದಿಲ್ಲ. ಹವ್ಯಾಸಿಗಳ ಪರಂಪರೆ ಇದಕ್ಕೆ ಕಂಡುಕೊಂಡ ವ್ಯವಸ್ಥೆ ಇಷ್ಟೇ: ಒಂದೇ ಮಾದರಿಯ ಮೂರು ಯಂತ್ರ ಕೊಳ್ಳುವುದು. ಒಂದು ನಡೆಯುವುದು, ಒಂದು ರಿಪೇರಿಯಲ್ಲಿರುವುದು, ಒಂದು ಬಿಡಿಭಾಗಕ್ಕೆ. ಆ ಮೂರನೆಯದರಿಂದ ಟ್ಯೂಬು, ಫ್ಯಾನು, ಐಸಿಗಳನ್ನೆಲ್ಲ ಕಿತ್ತು ಮುಗಿದ ಮೇಲೆ ಬರೀ ಕವಚವನ್ನು ಮನೆಯಲ್ಲಿ ಯಾಕಿಟ್ಟುಕೊಂಡಿದ್ದೀರಿ ಎಂದು ಮನೆಯವರು ಕೇಳಿದರೆ ಹೇಳಬೇಕಾದ ಉತ್ತರವನ್ನೂ ಶಾಸ್ತ್ರವೇ ಒದಗಿಸಿದೆ: ಮೂರರಲ್ಲಿ ಟೈಮ್‌ಬೇಸ್ ನಾಬು ಮುರಿಯದೆ ಉಳಿದಿರುವುದು ಅದರಲ್ಲಿ ಮಾತ್ರ, ಮತ್ತು ಆ ನಾಬಿನ ಸ್ಕ್ರೂ ಬಿಚ್ಚುವ ಸಣ್ಣ ಆಲೆನ್ ಕೀ ಎಸ್.ಪಿ. ರಸ್ತೆಯಲ್ಲಿ ಇನ್ನೂ ಸಿಕ್ಕಿಲ್ಲ.